ಸೈಟೇಶನ್ ಎಣಿಕೆ: ಯಾರು ಬರೆದರು, ಯಾರು ಬಳಸಿದರು

ಲೋರಿ ಪೇಪರ್‌ನಿಂದಲೇ ಶುರು ಮಾಡೋಣ, ಈ ವಿಷಯದ ಅರ್ಧ ಗೊಂದಲ ಅದೊಂದರಲ್ಲೇ ಇದೆ. 1951ರಲ್ಲಿ ಬಂದ ಪೇಪರ್ ಅದು. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ಒಂದು ವಿಧಾನವನ್ನು ಹೇಳುತ್ತದೆ, ಅಷ್ಟೇ. 2014ರ ಹೊತ್ತಿಗೆ ಅದನ್ನು ಬೇರೆ ಪೇಪರ್‌ಗಳಲ್ಲಿ 3 ಲಕ್ಷಕ್ಕೂ ಜಾಸ್ತಿ ಸಲ ಉಲ್ಲೇಖಿಸಲಾಗಿತ್ತು. ಇಂಥ ಉಲ್ಲೇಖಕ್ಕೇ ಸೈಟೇಶನ್ ಎನ್ನುವುದು. ಬೇರೆ ಯಾವ ವಿಜ್ಞಾನ ಪೇಪರ್‌ಗೂ ಅಷ್ಟು ಬಂದಿರಲಿಲ್ಲ. ಡಿಎನ್‌ಎ ರಚನೆಯನ್ನು ತಿಳಿಸಿದ ವ್ಯಾಟ್ಸನ್ ಮತ್ತು ಕ್ರಿಕ್ ಅವರ 1953ರ ಪೇಪರ್ ಆಗಿನ ಮೊದಲ 100ರ ಪಟ್ಟಿಯಲ್ಲೂ ಇರಲಿಲ್ಲ. ಹಾಗಾದರೆ ಪ್ರೋಟೀನ್ ಅಳೆಯುವ ವಿಧಾನ ಡಿಎನ್‌ಎಗಿಂತ ದೊಡ್ಡ ಸಂಶೋಧನೆಯೇ? ಅಲ್ಲ. ತನ್ನದು ಮಹಾ ಪೇಪರ್ ಏನಲ್ಲ ಎಂದು ಸ್ವತಃ ಲೋರಿಯೇ ಬರೆದುಕೊಂಡಿದ್ದರು. ಆದರೆ ಅದನ್ನು ಲ್ಯಾಬ್‌ಗಳಲ್ಲಿ ನಿಜವಾಗಿಯೂ ದಿನನಿತ್ಯ ಬಳಸುತ್ತಿದ್ದರು, ಬಳಸಿದವರೆಲ್ಲ ಅದರ ಹೆಸರು ಹೇಳುತ್ತಿದ್ದರು.

ಹಾಗಾಗಿ ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಇದು: ಸೈಟೇಶನ್ ಎಣಿಸಿದರೆ ಸಿಗುವುದು ಬಳಕೆಯ ಗುರುತು. ಗುಣಮಟ್ಟ ಅದರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು.

ಆ ಪೇಪರ್‌ನ ಇನ್ನೊಂದು ಸಂಗತಿಯನ್ನೂ ನೋಡಿ. ಅದನ್ನು ಬರೆದವರು ನಾಲ್ಕು ಜನ: ಲೋರಿ, ರೋಸ್‌ಬ್ರೋ, ಫಾರ್, ರ‍್ಯಾಂಡಾಲ್. ಎಲ್ಲರೂ ಹೇಳುವುದು ಮಾತ್ರ "ಲೋರಿ ವಿಧಾನ" ಅಂತ. ಪ್ರಭಾವ ಅಳೆಯುವ ಮೊದಲು ಅದು ಯಾರ ಪ್ರಭಾವ ಎಂದು ತೀರ್ಮಾನಿಸಬೇಕಲ್ವಾ? ಪಠ್ಯಪುಸ್ತಕಗಳು ಈ ಭಾಗವನ್ನು ಬೇಗ ದಾಟಿಬಿಡುತ್ತವೆ. ನನಗೆ ಇದೇ ಮುಖ್ಯ ಅನಿಸುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ಪೇಪರ್‌ಗೆ 40 ಉಲ್ಲೇಖ ಬಂದಿದೆ, ಲೇಖಕರು ನಾಲ್ವರು ಅಂದುಕೊಳ್ಳಿ. ನಾಲ್ವರಿಗೂ ತಲಾ 40 ಕೊಡಬಹುದು, ಇದು ಪೂರ್ಣ ಎಣಿಕೆ. 40ನ್ನು ನಾಲ್ಕು ಪಾಲು ಮಾಡಿ ತಲಾ 10 ಕೊಡಬಹುದು, ಇದು ಭಾಗಶಃ ಎಣಿಕೆ. ಮೊದಲ ಹೆಸರಿನವರಿಗೇ 40ನ್ನೂ ಕೊಡಬಹುದು. ಮೂರೂ ಬಳಕೆಯಲ್ಲಿವೆ, ಮೂರರಲ್ಲೂ ತೊಂದರೆ ಇದೆ. ಪೂರ್ಣ ಎಣಿಕೆಯಲ್ಲಿ ದೊಡ್ಡ ತಂಡದಲ್ಲಿ ಇದ್ದವರ ಅಂಕ ಉಬ್ಬುತ್ತದೆ. ಭಾಗಶಃ ಎಣಿಕೆ ಎಲ್ಲರ ಕೆಲಸವೂ ಸಮ ಎಂದು ಸುಮ್ನೆ ಊಹಿಸಿಕೊಳ್ಳುತ್ತದೆ. ಮೊದಲ ಹೆಸರಿನ ಎಣಿಕೆಯಂತೂ ಉಳಿದವರನ್ನು ಅಳಿಸಿಯೇ ಹಾಕುತ್ತದೆ, ಆದರೂ ಯಾವ ಪೇಪರನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ಸೈಟೇಶನ್ ಇಂಡೆಕ್ಸ್‌ನ ಹಳೆಯ ಮುದ್ರಿತ ಸಂಪುಟಗಳಲ್ಲಿ ಉಲ್ಲೇಖಗಳು ಮೊದಲ ಲೇಖಕರ ಹೆಸರಿನಡಿ ಮಾತ್ರ ಸಿಗುತ್ತಿದ್ದುದರಿಂದ ಎಷ್ಟೋ ಹಳೆಯ ಅಧ್ಯಯನಗಳು ಹಾಗೆಯೇ ನಡೆದವು.

ಮೊದಲ ಹೆಸರು ಅಂದರೆ ಏನು ಎಂಬುದೂ ಎಲ್ಲ ಕಡೆ ಒಂದೇ ಅಲ್ಲ. ಜೀವವಿಜ್ಞಾನದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಹೆಚ್ಚು ಕೆಲಸ ಮಾಡಿದವರದು, ಕೊನೆಯ ಹೆಸರು ಲ್ಯಾಬ್ ನಡೆಸುವವರದು. ಗಣಿತದಲ್ಲಿ, ಅರ್ಥಶಾಸ್ತ್ರದಲ್ಲಿ ಬಹಳ ಸಲ ಅಕ್ಷರಕ್ರಮದಲ್ಲಿ ಹಾಕುತ್ತಾರೆ. ಅಲ್ಲಿ ಮೊದಲ ಹೆಸರಿಗೆ ಯಾವ ಅರ್ಥವೂ ಇಲ್ಲ. ಇನ್ನು 2015ರಲ್ಲಿ ಹಿಗ್ಸ್ ಬೋಸಾನ್‌ನ ದ್ರವ್ಯರಾಶಿ ಬಗ್ಗೆ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಸೇರಿ ಪ್ರಕಟಿಸಿದ ಪೇಪರ್ ನೋಡಿ: 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಲೇಖಕರ ಹೆಸರು ಮತ್ತು ಸಂಸ್ಥೆಗಳಿಗೇ ಹೋಗಿದೆ. ಅದರ ಒಂದು ಉಲ್ಲೇಖವನ್ನು 5,154 ಪಾಲು ಮಾಡಿದರೆ ಯಾರಿಗೂ ಏನೂ ಸಿಗುವುದಿಲ್ಲ, ಎಲ್ಲರಿಗೂ ಪೂರ್ತಿ ಕೊಟ್ಟರೆ ಲೆಕ್ಕಕ್ಕೇ ಬೆಲೆ ಇಲ್ಲ. ಯಾರು ಯಾವ ಕೆಲಸ ಮಾಡಿದರು ಎಂದು ಪೇಪರ್‌ನಲ್ಲೇ ಬರೆಯುವ ಕ್ರೆಡಿಟ್ ಎಂಬ ಪದ್ಧತಿ ಈಗ ಅನೇಕ ಜರ್ನಲ್‌ಗಳಲ್ಲಿ ಇದೆ. ಅದರಲ್ಲಿ 14 ಬಗೆಯ ಪಾತ್ರಗಳಿವೆ: ಯೋಚನೆ ಕೊಟ್ಟವರು, ದತ್ತಾಂಶ ನೋಡಿಕೊಂಡವರು, ಸಾಫ್ಟ್‌ವೇರ್ ಬರೆದವರು, ಹಣ ತಂದವರು, ಹೀಗೆ. ಒಳ್ಳೆಯ ಹೆಜ್ಜೆ ಅದು, ಆದರೆ ಸೈಟೇಶನ್ ಲೆಕ್ಕ ಹಾಕುವವರು ಅದನ್ನು ಬಳಸುವುದು ಕಡಿಮೆ.

ಹೆಸರಿನ ಗೊಂದಲ ಬೇರೆ. ಒಂದೇ ಹೆಸರಿನ ಹತ್ತಾರು ಜನ ಇರುತ್ತಾರೆ. ಒಬ್ಬರೇ ಒಂದು ಕಡೆ ಪೂರ್ತಿ ಹೆಸರು, ಇನ್ನೊಂದು ಕಡೆ ಬರೀ ಇನಿಷಿಯಲ್ ಹಾಕಿರುತ್ತಾರೆ, ಮದುವೆಯ ನಂತರ ಹೆಸರು ಬದಲಾಗಿರುತ್ತದೆ. 2012ರಲ್ಲಿ ಶುರುವಾದ ಆರ್ಕಿಡ್ (ORCID) ಎಂಬ ವ್ಯವಸ್ಥೆ ಪ್ರತಿ ಸಂಶೋಧಕರಿಗೂ 16 ಅಂಕಿಗಳ ಗುರುತು ಕೊಡುವುದು ಇದಕ್ಕಾಗಿಯೇ. ನೀವು ಬರೆಯಲು ಶುರು ಮಾಡಿದ್ದರೆ ಇವತ್ತೇ ಮಾಡಿಸಿಕೊಳ್ಳಿ.

ಈ ಎಣಿಕೆ ಎಲ್ಲಿಂದ ಬಂತು ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. 1873ರಿಂದಲೇ ಅಮೆರಿಕದ ವಕೀಲರಿಗೆ ಶೆಪರ್ಡ್ ಎಂಬ ಸೂಚಿ ಸಿಗುತ್ತಿತ್ತು. ಒಂದು ತೀರ್ಪನ್ನು ಆಮೇಲಿನ ಯಾವ ತೀರ್ಪುಗಳು ಉಲ್ಲೇಖಿಸಿವೆ, ಅದು ಇನ್ನೂ ಊರ್ಜಿತವಾಗಿದೆಯೇ ಎಂದು ಅದರಲ್ಲಿ ನೋಡಬಹುದಿತ್ತು. 1927ರಲ್ಲಿ ಗ್ರಾಸ್ ಮತ್ತು ಗ್ರಾಸ್ ಎಂಬ ಇಬ್ಬರು, ಕಾಲೇಜು ಲೈಬ್ರರಿ ಯಾವ ರಸಾಯನಶಾಸ್ತ್ರ ಜರ್ನಲ್‌ಗಳನ್ನು ಕೊಳ್ಳಬೇಕು ಎಂದು ತೀರ್ಮಾನಿಸಲು ಉಲ್ಲೇಖಗಳನ್ನು ಎಣಿಸಿದರು. 1955ರಲ್ಲಿ ಯೂಜೀನ್ ಗಾರ್ಫೀಲ್ಡ್ ವಕೀಲರ ಆ ಸೂಚಿಯ ಮಾದರಿಯನ್ನು ವಿಜ್ಞಾನಕ್ಕೂ ತರಬೇಕು ಎಂದು ಬರೆದರು, 1960ರ ದಶಕದಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂತು. ಗಮನಿಸಿ, ಈ ಮೂರೂ ಹುಟ್ಟಿದ್ದು ಏನನ್ನೋ ಹುಡುಕಲು ಅಥವಾ ಆರಿಸಲು. ಯಾರಿಗೆ ಬಡ್ತಿ ಕೊಡಬೇಕು ಎಂದು ನಿರ್ಧರಿಸಲು ಅಲ್ಲ.

ಈಗ ಎಲ್ಲರೂ ಕೇಳುವ ಎಚ್-ಇಂಡೆಕ್ಸ್, ಅಂದರೆ ಒಬ್ಬರ ಪೇಪರ್‌ಗಳನ್ನೂ ಅವಕ್ಕೆ ಬಂದ ಉಲ್ಲೇಖಗಳನ್ನೂ ಸೇರಿಸಿ ಒಂದೇ ಅಂಕದಲ್ಲಿ ಹೇಳುವ ಅಳತೆ. ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ 2005ರಲ್ಲಿ ಇದನ್ನು ಸೂಚಿಸಿದರು. ಒಬ್ಬರ ಪೇಪರ್‌ಗಳನ್ನು ಹೆಚ್ಚು ಉಲ್ಲೇಖ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಜೋಡಿಸಿ. 48, 19, 11, 6, 5, 2, 0 ಅಂತ ಇದೆ ಎನ್ನಿ. ಐದನೆಯ ಪೇಪರ್‌ಗೆ 5 ಉಲ್ಲೇಖ ಇದೆ, ಆರನೆಯದಕ್ಕೆ 6 ಇಲ್ಲ. ಹಾಗಾಗಿ ಎಚ್ 5. ಈಗ ಇನ್ನೊಬ್ಬರು: 2000, 4, 3, 1. ಅವರ ಎಚ್ ಬರೀ 3! ಎರಡು ಸಾವಿರ ಸಲ ಬಳಕೆಯಾದ ಕೆಲಸ ಮಾಡಿದವರು ಪಟ್ಟಿಯಲ್ಲಿ ಕೆಳಗೆ ಹೋದರು. ಒಂದೇ ಪೇಪರ್‌ನ ಗೆಲುವಿಗೆ ಜಾಸ್ತಿ ತೂಕ ಕೊಡಬಾರದು ಎಂಬುದೇ ಈ ಅಳತೆಯ ಉದ್ದೇಶ, ಆದ್ದರಿಂದ ಸೂತ್ರ ತಪ್ಪಿಲ್ಲ, ಆದರೆ ಆ ಉದ್ದೇಶ ನಿಮ್ಮ ಪ್ರಶ್ನೆಗೆ ಹೊಂದುತ್ತದೆಯೇ ಎಂದು ನೋಡದೆ ಬಳಸಿದರೆ ತಪ್ಪು. ಎಚ್ ಎಂದೂ ಇಳಿಯುವುದಿಲ್ಲ, ಬರೆಯುವುದನ್ನು ನಿಲ್ಲಿಸಿದ ಮೇಲೂ ಏರಬಹುದು. ಹಾಗಾಗಿ ವಯಸ್ಸಾದವರ ಎಚ್ ಮತ್ತು ಈಗಷ್ಟೇ ಪಿಎಚ್‌ಡಿ ಮುಗಿಸಿದವರ ಎಚ್ ಪಕ್ಕಪಕ್ಕ ಇಡಬೇಡಿ. ಗಣಿತದವರದನ್ನೂ ವೈದ್ಯವಿಜ್ಞಾನದವರದನ್ನೂ ಹಾಗೆಯೇ. ಒಂದು ಕ್ಷೇತ್ರದಲ್ಲಿ ರೆಫರೆನ್ಸ್ ಪಟ್ಟಿ ಉದ್ದ ಇರುತ್ತದೆ, ಇನ್ನೊಂದರಲ್ಲಿ ಚಿಕ್ಕದು, ಅಷ್ಟರಿಂದಲೇ ಅಂಕ ಬದಲಾಗುತ್ತದೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ನ ಅಳತೆ. ಹಿಂದಿನ ಎರಡು ವರ್ಷ ಪ್ರಕಟವಾದ ಬರಹಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಎರಡು ವರ್ಷದ ಪೇಪರ್‌ಗಳ ಸಂಖ್ಯೆಯಿಂದ ಭಾಗಿಸುತ್ತಾರೆ. ಅಂದರೆ ಸರಾಸರಿ. ಸರಾಸರಿಯ ತೊಂದರೆ ಏನೆಂದು ಒಂದೇ ಉದಾಹರಣೆ ಸಾಕು. ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ ಎಂಬ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2008ರಲ್ಲಿ ಸುಮಾರು 2 ಇತ್ತು, 2009ರಲ್ಲಿ ಸುಮಾರು 50ಕ್ಕೆ ಹಾರಿತು. ಕಾರಣ ಒಂದೇ ಪೇಪರ್: ಹರಳುಗಳ ರಚನೆ ಕಂಡುಹಿಡಿಯುವ ಶೆಲ್ಎಕ್ಸ್ ಎಂಬ ಸಾಫ್ಟ್‌ವೇರ್ ಬಗ್ಗೆ 2008ರಲ್ಲಿ ಬಂದದ್ದು, ಅದನ್ನು ಬಳಸಿದವರೆಲ್ಲ ಉಲ್ಲೇಖಿಸಿದರು. ಆ ವರ್ಷ ಅದೇ ಜರ್ನಲ್‌ನಲ್ಲಿ ಬರೆದ ಉಳಿದವರ ಕೆಲಸ ಇದರಿಂದ ಒಂದಿಷ್ಟೂ ಬದಲಾಗಲಿಲ್ಲ. ಜರ್ನಲ್‌ನ ಅಂಕ ನೋಡಿ ಒಬ್ಬ ಲೇಖಕರನ್ನು ಅಳೆಯಬೇಡಿ ಎಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಡೋರಾ ಘೋಷಣೆ, 2015ರ ಲೈಡನ್ ಪ್ರಣಾಳಿಕೆ ಎರಡೂ ಒತ್ತಿ ಹೇಳುವುದು ಇದಕ್ಕೇ.

ಉಲ್ಲೇಖಗಳು ಸಮನಾಗಿ ಹಂಚಿಹೋಗುವುದೂ ಇಲ್ಲ. ಬರೆಯುವುದರಲ್ಲೇ ಆ ಅಸಮಾನತೆ ಇದೆ. ಲೋಟ್ಕಾ 1926ರಲ್ಲಿ ತೋರಿಸಿದಂತೆ, 100 ಜನ ತಲಾ ಒಂದು ಪೇಪರ್ ಬರೆದಿದ್ದರೆ ಎರಡು ಬರೆದವರು ಸುಮಾರು 25, ಮೂರು ಬರೆದವರು ಸುಮಾರು 11 ಜನ ಮಾತ್ರ. ಉಲ್ಲೇಖದಲ್ಲಿ ಇನ್ನೊಂದು ಶಕ್ತಿ ಸೇರಿಕೊಳ್ಳುತ್ತದೆ: ಈಗಾಗಲೇ ಉಲ್ಲೇಖ ಇರುವುದು ಕಣ್ಣಿಗೆ ಬೀಳುತ್ತದೆ, ಆದ್ದರಿಂದ ಮತ್ತೆ ಉಲ್ಲೇಖವಾಗುತ್ತದೆ. ಡೆರೆಕ್ ಪ್ರೈಸ್ 1976ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ಅದಕ್ಕೂ ಮೊದಲೇ, 1968ರಲ್ಲಿ, ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಹೆಸರಾದವರಿಗೇ ಮತ್ತಷ್ಟು ಮನ್ನಣೆ ಸಿಗುವುದನ್ನು ಮ್ಯಾಥ್ಯೂ ಪರಿಣಾಮ ಎಂದು ಕರೆದಿದ್ದರು. ಆ ಪೇಪರ್ ಹ್ಯಾರಿಯೆಟ್ ಝುಕರ್‌ಮನ್ ನೊಬೆಲ್ ವಿಜೇತರೊಂದಿಗೆ ನಡೆಸಿದ ಸಂದರ್ಶನಗಳನ್ನು ಬಹಳವಾಗಿ ಬಳಸಿಕೊಂಡಿತ್ತು, ಆದರೆ ಲೇಖಕರ ಜಾಗದಲ್ಲಿ ಮರ್ಟನ್ ಹೆಸರು ಮಾತ್ರ ಇತ್ತು. ಅದು ಇಬ್ಬರ ಹೆಸರಿನಲ್ಲಿ ಬರಬೇಕಿತ್ತು ಎಂದು ಅವರೇ ಆಮೇಲೆ ಬರೆದರು. ಸೈಟೇಶನ್ ದತ್ತಾಂಶದಲ್ಲಿ ಮಾತ್ರ ಆ ಪೇಪರ್‌ನ ಉಲ್ಲೇಖಗಳು ಇಂದಿಗೂ ಮರ್ಟನ್ ಒಬ್ಬರ ಲೆಕ್ಕಕ್ಕೇ ಸೇರುತ್ತವೆ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಲೇಖಕತ್ವ ಮತ್ತು ಪ್ರಭಾವವನ್ನು ಬೇರೆ ಬೇರೆಯಾಗಿ ಓದಲು ಆಗುವುದಿಲ್ಲ ಎಂದು ಅರ್ಥವಾಗುತ್ತದೆ.

ಎಣಿಕೆ ಬಿಟ್ಟು ಸಂಬಂಧಗಳನ್ನು ನೋಡುವ ವಿಧಾನಗಳು ನನಗೆ ಹೆಚ್ಚು ಇಷ್ಟ. ಎರಡು ಪೇಪರ್‌ಗಳು ಒಂದೇ ಹಳೆಯ ಪೇಪರ್‌ಗಳನ್ನು ಉಲ್ಲೇಖಿಸಿದ್ದರೆ ಅವೆರಡರ ವಿಷಯ ಹತ್ತಿರ ಇರಬಹುದು. ಇದು ಕೆಸ್ಲರ್ 1963ರಲ್ಲಿ ಹೇಳಿದ ಗ್ರಂಥಸೂಚಿ ಜೋಡಣೆ. ತಿರುಗಿಸಿ ನೋಡಿದರೆ ಕೋ-ಸೈಟೇಶನ್: ಎರಡು ಹಳೆಯ ಪೇಪರ್‌ಗಳನ್ನು ಆಮೇಲಿನವರು ಜೊತೆಜೊತೆಗೆ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದು. ಹೆನ್ರಿ ಸ್ಮಾಲ್ ಮತ್ತು ಮಾರ್ಷಕೋವಾ ಇಬ್ಬರೂ 1973ರಲ್ಲಿ ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು. ಮೊದಲನೆಯದು ಪೇಪರ್ ಪ್ರಕಟವಾದ ದಿನವೇ ನಿಂತುಹೋಗುತ್ತದೆ, ರೆಫರೆನ್ಸ್ ಪಟ್ಟಿ ಬದಲಾಗುವುದಿಲ್ಲವಲ್ಲ. ಎರಡನೆಯದು ವರ್ಷ ಕಳೆದಂತೆ ಬದಲಾಗುತ್ತದೆ, ಯಾಕೆಂದರೆ ಜೋಡಿ ಮಾಡುವವರು ಆಮೇಲೆ ಬರುವ ಓದುಗರು. 1981ರಲ್ಲಿ ವೈಟ್ ಮತ್ತು ಗ್ರಿಫಿತ್ ಪೇಪರ್‌ಗಳ ಜಾಗದಲ್ಲಿ ಲೇಖಕರನ್ನು ಇಟ್ಟು ಇಡೀ ಕ್ಷೇತ್ರದ ನಕ್ಷೆ ಮಾಡಿದರು. ಯಾರ ಹೆಸರು ಯಾರ ಪಕ್ಕ ಬರುತ್ತದೆ, ಯಾರು ಎರಡು ಗುಂಪುಗಳ ನಡುವೆ ಇದ್ದಾರೆ ಎಂಬುದು ಅಲ್ಲಿ ಕಾಣುತ್ತದೆ. ಬರೀ ಒಂದು ಅಂಕಕ್ಕಿಂತ ಇದು ಎಷ್ಟೋ ಜಾಸ್ತಿ ಹೇಳುತ್ತದೆ.

ಎಣಿಕೆಗೆ ಸಿಗದ ಪ್ರಭಾವವೂ ಇದೆ. ಒಂದು ವಿಚಾರ ಎಲ್ಲರಿಗೂ ಗೊತ್ತಾದ ಮೇಲೆ ಮೂಲ ಪೇಪರನ್ನು ಯಾರೂ ಉಲ್ಲೇಖಿಸುವುದಿಲ್ಲ. ಗುರುತ್ವಾಕರ್ಷಣೆ ಬಗ್ಗೆ ಬರೆಯುವಾಗ ನ್ಯೂಟನ್ ಪುಸ್ತಕವನ್ನು ಪಟ್ಟಿಗೆ ಹಾಕುವವರು ಎಷ್ಟು ಜನ? ಉಲ್ಟಾ ಕೂಡ ಆಗುತ್ತದೆ. 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದು 2010ರಲ್ಲಿ ಹಿಂತೆಗೆದುಕೊಂಡ, ಲಸಿಕೆಗೂ ಆಟಿಸಂಗೂ ಗಂಟು ಹಾಕಿದ ಪೇಪರ್‌ಗೆ ಉಲ್ಲೇಖಗಳು ಹೇರಳ. ಬಹುಪಾಲು ಅದನ್ನು ತಪ್ಪು ಎನ್ನಲೇ ಬಂದವು. ಎಣಿಸುವ ಯಂತ್ರಕ್ಕೆ ಹೊಗಳಿಕೆ, ಖಂಡನೆ ಎರಡೂ ಒಂದೇ. ಮೋಸವನ್ನೂ ಅದು ಗುರುತಿಸುವುದಿಲ್ಲ: ಸಿರಿಲ್ ಲಾಬೆ ಎಂಬ ಸಂಶೋಧಕರು ಐಕ್ ಅಂಟ್ಕೇರ್ ಎಂಬ ಇಲ್ಲದ ಲೇಖಕನನ್ನು ಸೃಷ್ಟಿಸಿ, ಕಂಪ್ಯೂಟರ್ ಹೆಣೆದ ಅರ್ಥವಿಲ್ಲದ ಪೇಪರ್‌ಗಳು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿದರು. 2010ರಲ್ಲಿ ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಆತನ ಎಚ್ 94 ಆಗಿತ್ತು.

ಪರೀಕ್ಷೆಗೆ ಓದುವವರಿಗೂ ಪ್ರಾಜೆಕ್ಟ್ ಮಾಡುವವರಿಗೂ ಒಂದು ಅಭ್ಯಾಸ ಹೇಳುತ್ತೇನೆ. ನಿಮ್ಮ ವಿಷಯದ ಒಂದು ಪೇಪರ್ ಆರಿಸಿ, ಅದನ್ನು ಉಲ್ಲೇಖಿಸಿದ ಹತ್ತು ಪೇಪರ್ ತೆರೆಯಿರಿ. ಉಲ್ಲೇಖ ಎಲ್ಲಿ ಬಂದಿದೆ ನೋಡಿ. ಪೀಠಿಕೆಯಲ್ಲಿ ಇನ್ನೂ ಐದಾರು ಹೆಸರುಗಳ ಜೊತೆ ಸುಮ್ನೆ ಬಂದಿದೆಯಾ, ವಿಧಾನದ ಭಾಗದಲ್ಲಿ ಬಳಕೆಯಾಗಿದೆಯಾ, ಚರ್ಚೆಯಲ್ಲಿ ಒಪ್ಪಿದ್ದಾರಾ, ವಿರೋಧಿಸಿದ್ದಾರಾ? ಉಲ್ಲೇಖಿಸಿದವರು ಅದೇ ತಂಡದವರಾ ಎಂದೂ ಬರೆದುಕೊಳ್ಳಿ. ಸ್ವಂತ ಉಲ್ಲೇಖ ತಪ್ಪೇನಲ್ಲ, ಹಳೆಯ ಕೆಲಸ ಮುಂದುವರಿಸುವವರಿಗೆ ಅದು ಬೇಕೇ ಬೇಕು, ಆದರೆ ಬೇರೆಯಾಗಿ ಎಣಿಸಿ. ಯಾವ ಗುಂಪಿಗೂ ಸೇರದ ಉಲ್ಲೇಖ ಸಿಕ್ಕರೆ ಬಲವಂತವಾಗಿ ಸೇರಿಸಬೇಡಿ. ಆ ವಾಕ್ಯವನ್ನು ಇದ್ದ ಹಾಗೆಯೇ ಬರೆದಿಟ್ಟುಕೊಂಡು ಜೊತೆಗೆ ಓದುವವರಿಗೆ ತೋರಿಸಿ, ಅವರು ಯಾವ ಗುಂಪಿಗೆ ಹಾಕುತ್ತಾರೆ ಕೇಳಿ.