ಉದ್ದೀಪನವೂ ಅಲ್ಲ, ಮದ್ದೂ ಅಲ್ಲ

“ಡೋಪಿಂಗ್ ಗೀಪಿಂಗ್ ನಮ್ಮಲ್ಲಿ ಇಲ್ರಿ ಸರ್. ಸ್ಟೆರಾಯ್ಡ್ ಅಷ್ಟೇ ತಗೋತಾರ್ರಿ ಹುಡುಗರು.”

ಕಲಬುರಗಿಯ ಒಂದು ಜಿಮ್ಮಿನಲ್ಲಿ ಕೇಳಿದ ಮಾತು. ಹೇಳಿದವನು ತಮಾಷೆ ಮಾಡುತ್ತಿರಲಿಲ್ಲ. ಅದೇ ವಾರ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೊ ಬಂತು. ಹಳ್ಳಿ ಜಾತ್ರೆಯ ಕುಸ್ತಿಯಲ್ಲಿ ಬೆಳ್ಳಿ ಕಡಗ ಗೆದ್ದ ಹುಡುಗ. ಕೆಳಗೆ ಒಬ್ಬರು ‘ಉದ್ದೀಪನ ಪೈಲ್ವಾನ’ ಎಂದು ಬರೆದಿದ್ದರು. ಹುಡುಗನ ತಪ್ಪು ಇಷ್ಟೇ, ಪ್ರೋಟೀನ್ ಪೌಡರ್ ಕುಡಿಯುತ್ತಾನೆ. ಅಂದರೆ ಸ್ಟೆರಾಯ್ಡ್ ತಗೊಂಡರೆ ಡೋಪಿಂಗ್ ಅಲ್ಲ, ಪೌಡರ್ ಕುಡಿದರೆ ಡೋಪಿಂಗ್! ಇನ್ನು ಸುಮ್ನೆ ಕೂರುವುದು ಕಷ್ಟ.

ತಪ್ಪು ಪೂರ್ತಿ ಇವರದಲ್ಲ. ಡೋಪಿಂಗ್ ಅಂದರೆ ಆಟದಲ್ಲಿ ನಿಷೇಧಿತ ವಸ್ತು, ವಿಧಾನ ಬಳಸುವುದು. ಅದಕ್ಕೆ ಪತ್ರಿಕೆಗಳು ಎಷ್ಟೋ ವರ್ಷದಿಂದ ಬರೆಯುತ್ತಿರುವ ‘ಉದ್ದೀಪನ ಮದ್ದು’ ಎಂಬ ಜೋಡಿಯೇ ದಾರಿ ತಪ್ಪಿಸುವಂಥದ್ದು.

ಉದ್ದೀಪನದ ಒಳಗೆ ಇರುವುದು ದೀಪ. ಹೊತ್ತಿಸು, ಉರಿ ಏರಿಸು ಎಂದು ಅರ್ಥ. ಹಳೆ ಕಾವ್ಯ ಪಾಠ ಮಾಡಿದ ಮೇಷ್ಟ್ರು ಯಾರಾದರೂ ಸಿಕ್ಕರೆ ಕೇಳಿ, ‘ಉದ್ದೀಪನ ವಿಭಾವ’ ಅಂತ ಶುರು ಮಾಡುತ್ತಾರೆ. ನಾಯಕ, ನಾಯಕಿ ಆಲಂಬನ, ಅಂದರೆ ಭಾವಕ್ಕೆ ಆಸರೆ. ಬೆಳದಿಂಗಳು, ತಂಗಾಳಿ, ಕೋಗಿಲೆಯ ಕೂಗು ಉದ್ದೀಪನ. ಒಳಗೆ ಆಗಲೇ ಇರುವ ಭಾವವನ್ನು ಕೆದಕಿ ಉರಿಸುವಂಥವು. ಬೆಳದಿಂಗಳಿಂದ ಹೊರಟ ಪದ ಮೂತ್ರದ ಸ್ಯಾಂಪಲ್ ಬಾಟಲಿ ಹತ್ತಿರ ಬಂದು ನಿಂತಿದೆ, ಪಾಪ.

ಕೆಲವು ವಸ್ತುಗಳಿಗೆ ಈ ಹೆಸರು ಒಪ್ಪುತ್ತದೆ, ಇಲ್ಲ ಅನ್ನುವುದಿಲ್ಲ. ಆಂಫೆಟಮಿನ್, ಎಫೆಡ್ರಿನ್, ಕೊಕೇನ್ ಇವೆಲ್ಲ ನರಗಳನ್ನು ಕೆರಳಿಸಿ ದಣಿವನ್ನು ಮರೆಸುತ್ತವೆ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಥಾಮಸ್ ಹಿಕ್ಸ್ ಕುಸಿಯುತ್ತಿದ್ದಾಗ ಜೊತೆಗಿದ್ದವರು ಸ್ಟ್ರಿಕ್ನಿನ್, ಮೊಟ್ಟೆಯ ಬಿಳಿ, ಬ್ರಾಂಡಿ ಕೊಟ್ಟು ಓಡಿಸಿದರು. ಸ್ಟ್ರಿಕ್ನಿನ್ ಅಂದರೆ ನಮ್ಮ ಕಾಸರಕದ ಬೀಜದಲ್ಲಿರುವ ವಿಷ. ಹಿಕ್ಸ್ ಗೆದ್ದರು. ಆಗ ಅದು ತಪ್ಪು ಅಂತ ಯಾವ ನಿಯಮವೂ ಇರಲಿಲ್ಲ.

ಆದರೆ ಸ್ಟೆರಾಯ್ಡ್ ಯಾವ ದೀಪ ಹೊತ್ತಿಸುತ್ತದೆ? 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಬೆನ್ ಜಾನ್ಸನ್ 9.79 ಸೆಕೆಂಡಿನಲ್ಲಿ ನೂರು ಮೀಟರ್ ಓಡಿ, ಸ್ಟಾನೊಜೊಲಾಲ್ ಎಂಬ ಸ್ಟೆರಾಯ್ಡ್ ಮೂತ್ರದಲ್ಲಿ ಸಿಕ್ಕಿದ್ದಕ್ಕೆ ಚಿನ್ನ ಕಳೆದುಕೊಂಡರು. ಓಟಕ್ಕೆ ಮುಂಚೆ ಗುಳಿಗೆ ನುಂಗಿ ಓಡಿದ ಅಂತ ಕಥೆ ಹೇಳುವವರು ಇನ್ನೂ ಇದ್ದಾರೆ. ಹಾಗಲ್ಲ. ಸ್ಟೆರಾಯ್ಡ್ ಕೆಲಸ ಮಾಡುವುದು ತಾಲೀಮಿನ ತಿಂಗಳುಗಳಲ್ಲಿ. ಜಾಸ್ತಿ ತಾಲೀಮು, ಬೇಗ ಚೇತರಿಕೆ, ಜಾಸ್ತಿ ಮಾಂಸಖಂಡ. ಸೈಕಲ್ ರೇಸಿನ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಬಳಸಿದ ಇಪಿಒ ಎಂಬ ಹಾರ್ಮೋನ್ ಇನ್ನೊಂದು ತರಹ. ಅದು ರಕ್ತದಲ್ಲಿ ಕೆಂಪುಕಣ ಹೆಚ್ಚಿಸುತ್ತದೆ.

ಇದಕ್ಕಿಂತ ಮಜಾ ಇರುವುದು ಮುಂದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜೊಂಗ್ ಸು ಎರಡು ಪದಕ ಗೆದ್ದು ಎರಡನ್ನೂ ವಾಪಸ್ ಕೊಡಬೇಕಾಯಿತು. ಸಿಕ್ಕಿದ್ದು ಪ್ರೊಪ್ರಾನೊಲಾಲ್. ಬಿಪಿ ಇರುವವರಿಗೆ ಡಾಕ್ಟರ್ ಬರೆದುಕೊಡುವ ಗುಳಿಗೆ. ಎದೆಬಡಿತ ಇಳಿಸುತ್ತದೆ, ಕೈ ನಡುಕ ಕಡಿಮೆ ಮಾಡುತ್ತದೆ. ಉರಿಯನ್ನು ತಗ್ಗಿಸುವ ಗುಳಿಗೆಗೆ ಉದ್ದೀಪನ ಎಂದು ಹೆಸರು! 2003ರ ಕ್ರಿಕೆಟ್ ವಿಶ್ವಕಪ್ಪಿನಿಂದ ಸ್ಪಿನ್ ಬೌಲರ್ ಶೇನ್ ವಾರ್ನ್ ಮನೆಗೆ ಹೋದದ್ದು ಮೂತ್ರ ಹೆಚ್ಚಿಸುವ ಗುಳಿಗೆಯಿಂದ. ಸಣ್ಣ ಕಾಣಲಿ ಅಂತ ಅಮ್ಮ ಕೊಟ್ಟಿದ್ದು ಅಂದರು ಅವರು. ಅದರಿಂದ ಚೆಂಡು ಜಾಸ್ತಿ ತಿರುಗುವುದಿಲ್ಲ. ಮೂತ್ರ ತಿಳಿಯಾದರೆ ಬೇರೆ ವಸ್ತು ಪರೀಕ್ಷೆಯಲ್ಲಿ ಮರೆಯಾಗಬಹುದು ಎಂದು ಅದಕ್ಕೂ ನಿಷೇಧ. ಒಂದು ವರ್ಷ ಆಟ ನಿಂತಿತು.

ಇನ್ನು ‘ಮದ್ದು’. ಕನ್ನಡದಲ್ಲಿ ಇದು ಔಷಧಿಯೂ ಹೌದು, ತೋಪಿಗೆ ತುಂಬುವುದೂ ಹೌದು. ‘ಅವನಿಗೆ ಯಾರೋ ಮದ್ದು ಹಾಕ್ಯಾರ’ ಅಂದಾಗ ಬೇರೆಯೇ ಭಯ. ಇಷ್ಟು ಅಗಲದ ಪದಕ್ಕೂ ಡೋಪಿಂಗ್ ಹಿಡಿಯುವುದಿಲ್ಲ. ತನ್ನದೇ ರಕ್ತ ತೆಗೆದಿಟ್ಟು, ಪಂದ್ಯದ ಹೊತ್ತಿಗೆ ಮತ್ತೆ ಏರಿಸಿಕೊಳ್ಳುವುದು ಡೋಪಿಂಗ್. ಅದರಲ್ಲಿ ಮದ್ದು ಎಲ್ಲಿದೆ? ಸ್ಯಾಂಪಲ್ ಕೊಡದಿದ್ದರೂ ಅದೇ ನಿಯಮದಡಿ ಶಿಕ್ಷೆ. 2024ರಲ್ಲಿ ಪೈಲ್ವಾನ್ ಬಜರಂಗ್ ಪೂನಿಯಾಗೆ ನಾಡಾ (ದೇಶದ ಡೋಪಿಂಗ್ ತಡೆ ಸಂಸ್ಥೆ) ನಾಲ್ಕು ವರ್ಷ ನಿಷೇಧ ಹಾಕಿದ್ದು ಸ್ಯಾಂಪಲ್ ಕೊಡದ ಕಾರಣಕ್ಕೆ. ಮುಂಚೆ ತಂದಿದ್ದ ಕಿಟ್ ಅವಧಿ ಮುಗಿದದ್ದು, ಅದಕ್ಕೆ ಮೊದಲು ಉತ್ತರ ಕೊಡಿ ಎಂಬುದು ಅವರ ವಾದ. ಅದು ಬೇರೆ ಚರ್ಚೆ. ಆದರೆ ‘ಉದ್ದೀಪನ ಮದ್ದು ತಿಂದ’ ಎಂದು ಹಂಚಿಕೊಂಡವರು ಓದಿದ್ದಾದರೂ ಏನು?

ಇಂಗ್ಲಿಷಿನ ಡೋಪ್ ಪದಕ್ಕೆ ಈ ತೊಂದರೆ ಇಲ್ಲ. ಅದರ ಬೇರು ಡಚ್ ಭಾಷೆಯ ‘ಅದ್ದು’ ಎಂಬ ಕ್ರಿಯಾಪದ. ರೊಟ್ಟಿ ಅದ್ದಿಕೊಳ್ಳುವ ಸಾರಿನಂಥ ಗಟ್ಟಿ ದ್ರವಕ್ಕೆ ಆ ಹೆಸರಿತ್ತು. ಅಮೆರಿಕದಲ್ಲಿ ಅದು ಅಫೀಮಿನ ಪಾಕಕ್ಕೆ ಅಂಟಿತು, ಅಲ್ಲಿಂದ ರೇಸ್ ಕುದುರೆಗೆ. ಕುದುರೆ ಜೋರಾಗಿ ಓಡಲಿ ಎಂದು ಕೊಟ್ಟರೂ ಡೋಪ್, ಎದುರಾಳಿಯ ಕುದುರೆ ತೂಕಡಿಸಲಿ ಎಂದು ಕೊಟ್ಟರೂ ಡೋಪ್. ಏರಿಸುವುದು ಇಳಿಸುವುದು ಎರಡೂ ಅದರೊಳಗೆ ಇದ್ದವು. ಕನ್ನಡಕ್ಕೆ ತಂದವರು ಅರ್ಧ ಬಿಟ್ಟು ಬಂದರು.

ಪೌಡರ್ ವಿಷಯ ಬೇಗ ಮುಗಿಸುತ್ತೇನೆ. ಯಾವುದು ನಿಷೇಧಿತ ಅಂತ ವಾಡಾ (ವಿಶ್ವ ಡೋಪಿಂಗ್ ತಡೆ ಸಂಸ್ಥೆ) ಪ್ರತಿ ವರ್ಷ ಪಟ್ಟಿ ಹೊರಡಿಸುತ್ತದೆ. ಆಟಕ್ಕೆ ಲಾಭ, ಮೈಗೆ ಅಪಾಯ, ಕ್ರೀಡೆಯ ಧರ್ಮಕ್ಕೆ ಧಕ್ಕೆ, ಈ ಮೂರರಲ್ಲಿ ಎರಡು ಕಂಡರೆ ಪಟ್ಟಿಗೆ ಸೇರಬಹುದು. ಪ್ರೋಟೀನ್ ಅದರಲ್ಲಿ ಇಲ್ಲ. ನಮ್ಮ ಚಹಾದಲ್ಲಿರುವ ಕೆಫೀನ್ ಮಿತಿ ಮೀರಿದರೆ ಒಂದು ಕಾಲಕ್ಕೆ ತಪ್ಪಾಗಿತ್ತು, 2004ರಲ್ಲಿ ಅದನ್ನೂ ಕೈಬಿಟ್ಟರು. ಕೆಲವೊಮ್ಮೆ ಡಬ್ಬಿಯೊಳಗೆ ಲೇಬಲ್ಲಿನಲ್ಲಿ ಇಲ್ಲದ್ದು ಸೇರಿರುತ್ತದೆ, ಅಪಾಯ ಅಲ್ಲಿದೆ. 2011ರಲ್ಲಿ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಮತ್ತು ರಿಲೇ ಜೊತೆಗಾರ್ತಿಯರು ಸಿಕ್ಕಿಬಿದ್ದಾಗ, ಕೋಚ್ ಕೊಟ್ಟ ಜಿನ್‌ಸೆಂಗ್ ಎಂಬ ಬೇರಿನ ಔಷಧಿಯಿಂದ ಬಂತು ಅಂದರು. ನಿಷೇಧ ತಪ್ಪಲಿಲ್ಲ. ಮೈಯೊಳಗೆ ಸಿಕ್ಕರೆ ಹೊಣೆ ಆಟಗಾರರದೇ.

ನಮ್ಮ ಕಡೆ ಗರಡಿಯಲ್ಲಿ ಮೈ ಬೆಳೆಸಲು ತಿನ್ನುವುದಕ್ಕೆಲ್ಲ ಒಂದೇ ಮಾತು, ಖುರಾಕ. ಹಾಲು, ತುಪ್ಪ, ಬಾದಾಮಿ, ಜೋಳದ ರೊಟ್ಟಿ. ಒಳ್ಳೆ ಮಾತು. ಈಗ ಇಂಜೆಕ್ಷನ್ನೂ ಖುರಾಕದ ಲೆಕ್ಕಕ್ಕೆ ಸೇರಿದೆ. ಯಾಕೆ ಸೇರಿತು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಕುಸ್ತಿ ಸಮ ಆದರೆ ಕೂಗಾಡುವ ಜನ ನಾವೇ. ಹುಡುಗ ಮನೆಗೆ ಬಂದರೆ “ನಂಬರ್ ಬಂತಾ?” ಅಂತ ಕೇಳುತ್ತೇವೆ, ಹೆಂಗ ಆಡ್ದಿ ಅಂತಲ್ಲ. ನಾನು ನೋಡಿದ ಯಾವ ಜಾತ್ರೆ ಕುಸ್ತಿಗೂ ಸ್ಯಾಂಪಲ್ ಬಾಟಲಿ ಹಿಡಿದವರು ಬಂದಿಲ್ಲ. ಸಿಕ್ಕಿಬೀಳುವ ಭಯ ಇಲ್ಲದ ಕಡೆ ಡೋಪಿಂಗ್ ಅನ್ನೋದು ಟಿವಿಯಲ್ಲಿ ಮಾತ್ರ ಆಗುವ ಸಂಗತಿ.

ಡೋಪಿಂಗ್ ಅಂತಲೇ ಬರೆಯಿರಿ, ಬಸ್ಸು ರೈಲಿನ ಹಾಗೆ ಅದೂ ಕನ್ನಡದ್ದೇ ಆಗುತ್ತದೆ. ಕನ್ನಡದ್ದೇ ಬೇಕು ಅಂದರೆ ನನ್ನದೊಂದು ಪದ ಇದೆ, ‘ಕಳ್ಳ ಖುರಾಕ’. ಗುಳಿಗೆ, ರಕ್ತ, ಇಂಜೆಕ್ಷನ್, ಉರಿ ಏರಿಸುವುದು, ಇಳಿಸುವುದು ಎಲ್ಲ ಅದರಲ್ಲಿ ಹಿಡಿಯುತ್ತವೆ. ಮೊನ್ನೆ ಆ ಜಿಮ್ಮಿನವನಿಗೂ ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದ.

“ಹಂಗಂದ್ರ ಯಾರು ತಗೋತಾರ್ರಿ ಸರ್?” ಅಂದ.