ಆಮ್ಲಜನಕಕ್ಕೂ ಅಳತೆಯಿದೆ

ಮಳೆಗಾಲ ಹತ್ತಿರವಾಗುತ್ತಿದ್ದಂತೆ ಮೂಡಿಗೆರೆ, ಕಳಸ, ಕೊಪ್ಪದ ಕಡೆಯಿಂದ ಚಿಕ್ಕಮಗಳೂರಿಗೆ ತೋರಿಸಿಕೊಳ್ಳಲು ಬರುವ ದಮ್ಮಿನ ರೋಗಿಗಳ ಮನೆಯವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಮನೇಲೇ ಒಂದು ಆಕ್ಸಿಜನ್ ಮಿಷನ್ ಇಟ್ಕೋಬಹುದಾ?" ಕೋವಿಡ್ ಕಾಲದಲ್ಲಿ ಕೊಂಡ ಕಾನ್ಸಂಟ್ರೇಟರುಗಳು ಈಗಲೂ ನೆಂಟರ ಮನೆಯಿಂದ ನೆಂಟರ ಮನೆಗೆ ಸಾಗುತ್ತಿರುವುದರಿಂದ ಯಂತ್ರ ಸಿಗುವುದು ಕಷ್ಟವಲ್ಲ. ಆದರೆ ಅದನ್ನು ಎಷ್ಟಕ್ಕೆ ಇಡಬೇಕು, ದಿನಕ್ಕೆ ಎಷ್ಟು ಹೊತ್ತು ಹಾಕಬೇಕು, ಯಾವ ನಳಿಕೆಯಲ್ಲಿ ಕೊಡಬೇಕು ಎಂಬುದನ್ನು ಬರೆದ ಚೀಟಿ ಯಂತ್ರದ ಜೊತೆಗೆ ಬರುವುದಿಲ್ಲ. ಆಮ್ಲಜನಕವೂ ಔಷಧವೇ. ಕಡಿಮೆಯಾದರೆ ಅಪಾಯವೆಂಬುದು ಎಲ್ಲರಿಗೂ ಗೊತ್ತು, ಹೆಚ್ಚಾದರೂ ಅಪಾಯವೆಂದರೆ ನಂಬುವವರು ಕಡಿಮೆ.

ವರ್ಷಗಟ್ಟಲೆ ಬೀಡಿ ಸೇದಿದವರಲ್ಲಿ, ಬೀಡಿ ಮುಟ್ಟದಿದ್ದರೂ ಅಡುಗೆಮನೆ ಮತ್ತು ಬಚ್ಚಲಿನ ಸೌದೆ ಒಲೆಯ ಹೊಗೆ ಕುಡಿದ ಹೆಂಗಸರಲ್ಲಿ ಕಾಣುವ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ) ಕಾಯಿಲೆಯಲ್ಲಿ ಈ ಮಾತು ಹೆಚ್ಚು ಅನ್ವಯಿಸುತ್ತದೆ. ನ್ಯುಮೋನಿಯಾದಂಥ ತೊಂದರೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿ, ಅಂದರೆ ರಕ್ತದಲ್ಲಿನ ಆಮ್ಲಜನಕದ ಶೇಕಡಾ ಮಟ್ಟ, 94ರಿಂದ 98ರ ನಡುವೆ ಇರಲಿ ಎಂದು ನೋಡುತ್ತೇವೆ. ಸಿಒಪಿಡಿ ರೋಗಿಗೆ 88ರಿಂದ 92 ಸಾಕು. ಇವರ ಶ್ವಾಸಕೋಶದಲ್ಲಿ ಗಾಳಿ ಸರಿಯಾಗಿ ಆಡದ ಭಾಗಗಳಿಗೆ ಹೋಗುವ ರಕ್ತನಾಳಗಳು ತಾವಾಗಿಯೇ ಬಿಗಿದುಕೊಂಡು, ರಕ್ತವನ್ನು ಗಾಳಿಯಾಡುವ ಕಡೆಗೆ ತಿರುಗಿಸಿರುತ್ತವೆ. ಆಮ್ಲಜನಕ ವಿಪರೀತವಾದರೆ ಆ ಬಿಗಿತ ಸಡಿಲಗೊಂಡು ರಕ್ತ ಮತ್ತೆ ಕೆಲಸಕ್ಕೆ ಬಾರದ ಭಾಗಗಳತ್ತ ಹರಿಯುತ್ತದೆ; ಜೊತೆಗೆ ಹಿಮೋಗ್ಲೋಬಿನ್ ಇಂಗಾಲದ ಡೈಆಕ್ಸೈಡನ್ನು ಹೊತ್ತೊಯ್ಯುವ ಶಕ್ತಿಯೂ ತಗ್ಗುತ್ತದೆ; ಉಸಿರಾಡುವಂತೆ ಮಿದುಳು ಕೊಡುವ ಪ್ರಚೋದನೆಯೂ ಸ್ವಲ್ಪ ಕುಗ್ಗಬಹುದು. ಒಟ್ಟಿನಲ್ಲಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಬೆಳಿಗ್ಗೆ ತಲೆನೋವು, ಮಂಪರು, ತೊದಲು ಮಾತು ಇದರ ಲಕ್ಷಣಗಳು. ಆಕ್ಸಿಮೀಟರಿಗೆ ಇದು ಕಾಣುವುದಿಲ್ಲ. ಹಾಗಾಗಿ "99 ತೋರಿಸ್ತಿದೆ, ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ" ಎಂದು ಫೋನಿನಲ್ಲಿ ಹೇಳಿದರೆ ನನಗೆ ಸಮಾಧಾನಕ್ಕಿಂತ ಆತಂಕವೇ ಹೆಚ್ಚು.

ರೋಗಿಗೆ ನಿಜವಾಗಿ ಎಷ್ಟು ಸಿಗುತ್ತದೆಂಬುದನ್ನು ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತಿದೆಯೆಂದು ತೋರಿಸುವ ಮೀಟರಿನ ಗುಂಡಿನ ಜೊತೆಗೆ ಮುಖಕ್ಕೆ ಹಾಕಿದ ಸಾಧನವೂ ತೀರ್ಮಾನಿಸುತ್ತದೆ. ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ ಒಂದರಿಂದ ಆರು ಲೀಟರ್ ಕೊಡಬಹುದು. ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 24ರಿಂದ 44ರವರೆಗೆ ಏರುತ್ತದೆ, ಆದರೆ ರೋಗಿ ಏದುಸಿರು ಬಿಡುತ್ತಿದ್ದರೆ ಹೊರಗಿನ ಗಾಳಿ ಬೆರೆತು ಈ ಲೆಕ್ಕ ತಪ್ಪುತ್ತದೆ. ಸಾದಾ ಮಾಸ್ಕನ್ನು ಐದು ಲೀಟರಿಗಿಂತ ಕಡಿಮೆಗೆ ಇಡಲೇಬಾರದು, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಚೀಲವಿರುವ ಮಾಸ್ಕಿಗೆ ಹತ್ತರಿಂದ ಹದಿನೈದು ಲೀಟರ್ ಬೇಕು ಮತ್ತು ಚೀಲ ಸದಾ ಉಬ್ಬಿರಬೇಕು. ಅದು ತುರ್ತು ಸ್ಥಿತಿಯ ಸಾಧನ, ಮನೆಯದ್ದಲ್ಲ. ನನ್ನ ಮೆಚ್ಚಿನದು ವೆಂಚುರಿ ಮಾಸ್ಕ್. 1960ರಲ್ಲಿ ಮೊರಾನ್ ಕ್ಯಾಂಪ್‌ಬೆಲ್ ಪರಿಚಯಿಸಿದ ಈ ಮಾಸ್ಕಿನ ಕಿರಿದಾದ ರಂಧ್ರದಿಂದ ಆಮ್ಲಜನಕ ರಭಸವಾಗಿ ಹೊಮ್ಮುವಾಗ ಪಕ್ಕದ ಕಿಂಡಿಗಳಿಂದ ಹೊರಗಿನ ಗಾಳಿ ಗೊತ್ತಾದ ಪ್ರಮಾಣದಲ್ಲಿ ಸೇರಿಕೊಳ್ಳುವುದರಿಂದ, ರೋಗಿ ಹೇಗೆ ಉಸಿರಾಡಿದರೂ ಶೇ. 24 ಅಥವಾ 28 ಎಂದರೆ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಬೆಲೆ ದುಬಾರಿಯೇನಲ್ಲ. ಆದರೂ ಎಷ್ಟೋ ಆಂಬುಲೆನ್ಸ್‌ಗಳಲ್ಲಿ ಇದು ಇರುವುದಿಲ್ಲವೆಂಬುದು ಬೇಸರದ ಸಂಗತಿ.

ಮನೆಯಲ್ಲಿ ಆಮ್ಲಜನಕ ಯಾರಿಗೆ ಬೇಕು? ಕಾಯಿಲೆ ಹತೋಟಿಯಲ್ಲಿದ್ದು, ವಿಶ್ರಾಂತಿಯಲ್ಲಿದ್ದಾಗಲೂ ಅಂಕಿ 88 ಅಥವಾ ಅದಕ್ಕಿಂತ ಕೆಳಗಿರುವವರಿಗೆ, ಅದೂ ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಂಡ ಮೇಲೆ. ಅಂಥವರು ದಿನಕ್ಕೆ ಕನಿಷ್ಠ 15 ಗಂಟೆ ಹಾಕಿಕೊಂಡರೆ ಆಯುಸ್ಸು ಹೆಚ್ಚುತ್ತದೆಂದು 1980 ಮತ್ತು 1981ರಲ್ಲಿ ಪ್ರಕಟವಾದ ಅಮೆರಿಕ, ಬ್ರಿಟನ್ನಿನ ಅಧ್ಯಯನಗಳು ತೋರಿಸಿಕೊಟ್ಟವು. ದಮ್ಮು ಬಂದಾಗ ಹತ್ತು ನಿಮಿಷ ಹಾಕಿ ತೆಗೆಯುವುದರಿಂದ ಆ ಲಾಭವಿಲ್ಲ. ಇನ್ನೊಂದು ಮಾತು: ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿನ ವಾಯುಒತ್ತಡ ಕರಾವಳಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಮಂಗಳೂರಿನ ಆಸ್ಪತ್ರೆಯಲ್ಲಿ ಆಮ್ಲಜನಕ ಬೇಡವೆನಿಸಿಕೊಂಡು ಬಿಡುಗಡೆಯಾದ ರೋಗಿಗೆ ಘಟ್ಟ ಹತ್ತಿ ಮನೆ ಸೇರಿದ ಮೇಲೆ ಅದು ಬೇಕಾಗಬಹುದು. ಆದ್ದರಿಂದ ಅವರು ವಾಸಿಸುವ ಊರಿನಲ್ಲೇ ಮತ್ತೊಮ್ಮೆ ಅಳೆಯುವುದು ಒಳ್ಳೆಯದು.

ಕಾನ್ಸಂಟ್ರೇಟರಿನೊಳಗಿನ ಜಿಯೊಲೈಟ್ ಹರಳುಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದಿಟ್ಟು, ಶೇ. 90ಕ್ಕಿಂತ ಹೆಚ್ಚು ಶುದ್ಧವಾದ ಆಮ್ಲಜನಕವನ್ನು ಹೊರಬಿಡುತ್ತವೆ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಯಂತ್ರ ತೇವ ಹೀರಿ, ಸದ್ದು ಮಾಡುತ್ತಲೇ ಬರೀ ಗಾಳಿಯನ್ನು ಊದುತ್ತಿರಬಹುದು. ಬಳಸುವ ಮೊದಲು ಶುದ್ಧತೆಯನ್ನು ಮೀಟರಿನಲ್ಲಿ ಪರೀಕ್ಷಿಸಿರಿ. ಒಲೆ, ದೀಪ, ಬೀಡಿ ಹತ್ತಿರ ಸುಳಿಯಬಾರದು. ಒಣಗಿದ ಮೂಗಿಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಬಾರದು.

ಇದು ಕರೆಂಟನ್ನು ನಂಬಿದ ಯಂತ್ರ. ಮರ ಬಿದ್ದು ದಿನಗಟ್ಟಲೆ ಕತ್ತಲಾಗುವ ಮಲೆನಾಡಿನಲ್ಲಿ ಪಕ್ಕದಲ್ಲೊಂದು ಸಿಲಿಂಡರ್ ಇರಲೇಬೇಕು. ಸಣ್ಣ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ ಬಂದೀತು. ಅದೇ ಸಿಲಿಂಡರ್ ಚೀಲದ ಮಾಸ್ಕಿನಲ್ಲಿ ಹತ್ತು ಲೀಟರಿಗೆ ಎರಡೂವರೆ ಗಂಟೆಗೇ ಬರಿದಾಗುತ್ತದೆ, ಮಳೆಯಲ್ಲಿ ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಮುಟ್ಟಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಆಂಬುಲೆನ್ಸ್ ಹತ್ತುವ ಮೊದಲು ಗೇಜ್ ನೋಡಿ, ಎರಡನೆಯ ಸಿಲಿಂಡರ್ ಇದೆಯೇ ಎಂದು ಕೇಳಿ.