ಅಂಜೂರದ ಕಡ್ಡಿ ಚಿಗುರಿದ ಮಾತ್ರಕ್ಕೆ ಬೇರು ಬಿಟ್ಟಿದೆ ಎಂದಲ್ಲ

‘ನೆಟ್ಟ ಕಡ್ಡಿಯಲ್ಲಿ ಚೆಂದವಾಗಿ ಎಲೆ ಬಂದಿತ್ತು, ಇದ್ದಕ್ಕಿದ್ದಂತೆ ಬಾಡಿಹೋಯಿತು, ಯಾವ ಗೊಬ್ಬರ ಹಾಕಲಿ?’ ಅಂಜೂರದ ವಿಷಯದಲ್ಲಿ ನರ್ಸರಿಗೆ ಬರುವವರು ಹೆಚ್ಚಾಗಿ ಕೇಳುವುದು ಇದನ್ನೇ. ಗೊಬ್ಬರ ಬೇಡ. ಆ ಕಡ್ಡಿಗೆ ಬೇರು ಬಂದೇ ಇರಲಿಲ್ಲ. ಮೊದಲ ಎರಡು ಮೂರು ಎಲೆಗಳು ಕಾಂಡದಲ್ಲಿ ಶೇಖರವಾಗಿದ್ದ ಪಿಷ್ಟದಿಂದ ಹೊರಡುತ್ತವೆ. ಪಿತ್ರಾರ್ಜಿತ ಕರಗಿಸಿ ಮಾಡುವ ಖರ್ಚು ಅದು. ಎಲೆ ಅಗಲವಾದಷ್ಟೂ ನೀರು ಆವಿಯಾಗುತ್ತದೆ, ಕೆಳಗಿನಿಂದ ಪೂರೈಕೆ ಇರುವುದಿಲ್ಲ. ಬಾಡಿತೆಂದು ಮನೆಯವರು ಇನ್ನಷ್ಟು ನೀರು ಸುರಿಯುತ್ತಾರೆ, ಬುಡ ಕಪ್ಪಾಗಿ ಕೊಳೆಯುತ್ತದೆ.

ನಿಜವಾಗಿ ಅಂಜೂರದಷ್ಟು ಸುಲಭವಾಗಿ ಬೇರು ಬಿಡುವ ಹಣ್ಣಿನ ಗಿಡಗಳು ಕಡಿಮೆ. ಅದರ ಗೆಣ್ಣುಗಳಲ್ಲಿ ಬೇರಿನ ಮೊಳಕೆಗಳು ಮೊದಲೇ ಅಡಗಿರುತ್ತವೆ. ಗಿಡ ಎಲೆ ಉದುರಿಸಿ ವಿಶ್ರಾಂತಿಯಲ್ಲಿರುವಾಗ ಅಥವಾ ಸವರುವ ಹೊತ್ತಿನಲ್ಲಿ, ಕಂದು ಬಣ್ಣಕ್ಕೆ ತಿರುಗಿದ ಬಲಿತ ರೆಂಬೆಯಿಂದ ಪೆನ್ಸಿಲ್‌ಗಿಂತ ತುಸು ದಪ್ಪದ, 20–25 ಸೆಂಟಿಮೀಟರ್ ಉದ್ದದ ಕಡ್ಡಿ ಆರಿಸಿಕೊಳ್ಳಿ. ನಾಲ್ಕೈದು ಗೆಣ್ಣುಗಳಿರಲಿ. ಕೆಳತುದಿಯನ್ನು ಗೆಣ್ಣಿಗೆ ಹತ್ತಿರ ಕತ್ತರಿಸಿ. ಒಸರುವ ಬಿಳಿ ಹಾಲು ಚರ್ಮಕ್ಕೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳುವುದುಂಟು, ಆದ್ದರಿಂದ ಕೈಗವಸು ಒಳ್ಳೆಯದು. ಹಾಲು ಒಣಗಿದ ಮೇಲೆ ನೆಡಿ. ಬೇರು ಬರಿಸುವ ಪುಡಿ ಇದ್ದರೆ ಹಚ್ಚಿ, ಇಲ್ಲದಿದ್ದರೂ ನಡೆಯುತ್ತದೆ.

ಕಡ್ಡಿ ನೆಡಲು ಕುಂಡಕ್ಕೆ ತುಂಬುವ ಮಿಶ್ರಣದ ವಿಷಯದಲ್ಲಿ ಮಾತ್ರ ನಾನು ಹಟವಾದಿ. ತೋಟದ ಮಣ್ಣು ಬೇಡವೇ ಬೇಡ. ಬೇರುಗಂಟು ಜಂತುಹುಳುವಿಗೆ ಅಂಜೂರ ಬಹಳ ಬೇಗ ತುತ್ತಾಗುತ್ತದೆ. ಆ ಮಣ್ಣಿನಲ್ಲಿ ಎಳೆಯ ಬೇರುಗಳು ಗಂಟುಗಟ್ಟಿದರೆ ಗಿಡ ಆಯುಷ್ಯವಿಡೀ ಕುಂಟುತ್ತದೆ. ತೊಳೆದ ದಪ್ಪ ಮರಳು, ತೆಂಗಿನ ನಾರಿನ ಪುಡಿ ಸಮಪಾಲು ಸಾಕು. ಹಿಡಿಯಲ್ಲಿ ಹಿಂಡಿದಾಗ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಮೇಲೆ ಒಂದೆರಡು ಗೆಣ್ಣು ಬಿಟ್ಟು ಉಳಿದದ್ದನ್ನು ಹೂಳಿ, ಪ್ಲಾಸ್ಟಿಕ್ ಚೀಲ ಮುಚ್ಚಿ, ಬೆಳಕಿರುವ ನೆರಳಿನಲ್ಲಿಡಿ. ಒಳಗೆ ತೇವದ ಗಾಳಿ ಇದ್ದರೆ ಬೇರಿಲ್ಲದ ಎಲೆಯೂ ಬದುಕುತ್ತದೆ, ಮತ್ತೆ ಮತ್ತೆ ನೀರು ಹಾಕುವ ಕೆಲಸವೂ ಇಲ್ಲ.

ಬೇರು ಬಂದಿದೆಯೇ ಎಂದು ಕಿತ್ತು ನೋಡುವ ಚಟ ಕೆಲವರಿಗಿದೆ. ಅವರಿಗೆ ಪಾರದರ್ಶಕ ನೀರಿನ ಬಾಟಲಿಯೇ ಮದ್ದು: ಕುತ್ತಿಗೆ ಕತ್ತರಿಸಿ, ತಳಕ್ಕೆ ತೂತು ಕೊರೆದು ಅದರಲ್ಲೇ ನೆಡಿ, ಸುತ್ತ ಕಪ್ಪು ಕಾಗದ ಸುತ್ತಿ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಗೋಡೆಗಂಟಿದ ಬಿಳಿ ಬೇರು ಕಾಣುತ್ತದೆ. ಅದು ಕವಲೊಡೆದು ಕಂದು ಛಾಯೆಗೆ ತಿರುಗುವವರೆಗೆ ಕುಂಡ ಬದಲಿಸಬೇಡಿ. ಬಿಳಿ ಬೇರು ಮುಟ್ಟಿದರೆ ಮುರಿಯುತ್ತದೆ. ಚೀಲವನ್ನು ದಿನಕ್ಕೆ ಸ್ವಲ್ಪ ಹೊತ್ತು ತೆರೆಯುತ್ತಾ ಒಂದು ವಾರದಲ್ಲಿ ಪೂರ್ತಿ ತೆಗೆಯಿರಿ.

ಒಣಹಣ್ಣಿನ ಬೀಜ ಬಿತ್ತಬಹುದೇ ಎಂದರೆ, ಟರ್ಕಿಯ ಸ್ಮಿರ್ನಾ ಬಗೆಯ ಬೀಜ ಮೊಳೆಯುತ್ತದೆ. ಆದರೆ ಸುಮಾರು ಅರ್ಧ ಗಿಡಗಳು ಗಂಡು, ಉಳಿದವುಗಳಲ್ಲಿ ಹಲವಕ್ಕೆ ಪರಾಗ ತರುವ ಪುಟ್ಟ ಕಣಜದ ಹುಳು ಬೇಕು. ನಮ್ಮಲ್ಲಿ ಬೆಳೆಯುವ ಪೂನಾ ತಳಿಗೆ ಆ ಕಣಜದ ಹಂಗಿಲ್ಲ. ಕಡ್ಡಿ ಬೇಡುವಾಗ ತಾಯಿಗಿಡದ ಎಲೆ ಗಮನಿಸಿ: ಹಳದಿ ಮಚ್ಚೆ, ಸೊಟ್ಟ ಎಲೆ ಇದ್ದರೆ ಅದು ನಂಜು (ವೈರಸ್) ರೋಗವಿರಬಹುದು, ಕಡ್ಡಿಯೊಂದಿಗೆ ನಿಮ್ಮ ಮನೆಗೂ ಬರುತ್ತದೆ. ಬೆರಳುದ್ದದ ಗಿಡದಲ್ಲೇ ಕಾಯಿ ಮೂಡಿದರೆ ಮುಲಾಜಿಲ್ಲದೆ ಚಿವುಟಿ ಹಾಕಿ.